ವಾಮನಣ್ಣನ ತಂತಿ

ಕಳೆದ ಜುಲೈಯಲ್ಲಿ ಸಂಬಂಧಿಕರ ಮದುವೆಯ ಮಾತುಕತೆಗೆಂದು ನೆರೂಳಿನಿಂದ ಕಲ್ಯಾಣಕ್ಕೆ ಹೋಗಿದ್ದೆ. ರಿಕ್ಷಾ ಸಿಗದೆ ಮಾರ್ಕೆಟ್ಟಿನ ಒಳದಾರಿ ಹಿಡಿದೆವು. ಸಣ್ಣಗೆ ಮಳೆ. ಒಂದು ಮಟನ್ ಅಂಗಡಿಯ ಮುಂದೆ ಐಸ್ ಒಡೆಯುತ್ತಿದ್ದರು. ಒದ್ದೆ ಗೋಣಿಚೀಲ, ಐಸು, ಆಗತಾನೆ ಕಡಿದ ಮಾಂಸ, ಮೂರೂ ಸೇರಿದ ವಾಸನೆ. ಜೊತೆಗಿದ್ದ ತಂಗಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ನಾನು ನಿಂತುಬಿಟ್ಟೆ. ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ ಬೆಳೆದವಳು ನಾನು. ಆದರೂ ಆ ವಾಸನೆ ನನ್ನಲ್ಲಿ ಹೇಸಿಗೆ ಹುಟ್ಟಿಸುವುದಿಲ್ಲ. ಕೆಲಸಕ್ಕೆ ಹೊತ್ತಾಯಿತು ಎಂಬ ಅವಸರ ಹುಟ್ಟಿಸುತ್ತದೆ. ಎಂಬತ್ತಾರರ ಮಳೆಗಾಲದಲ್ಲಿ ನನ್ನ ಪ್ರತಿದಿನವೂ ಶುರುವಾಗುತ್ತಿದ್ದದ್ದು ಅದರಿಂದಲೇ.

ಆಗ ನನಗೆ ಇಪ್ಪತ್ತೆರಡು. ನಮ್ಮ ಮನೆಯವರು ಗದಗಿನ ಕಡೆಯವರು; ಅಪ್ಪನ ನೌಕರಿಯಿಂದಾಗಿ ಡೊಂಬಿವಲಿಗೆ ಬಂದು ನೆಲೆಸಿದ್ದೆವು. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಠಾಣೆಯ ಒಂದು ಕಾಲೇಜಿನ ಶರೀರಕ್ರಿಯಾ ವಿಭಾಗದಲ್ಲಿ ಟೆಂಪರರಿ ಕೆಲಸಕ್ಕೆ ಸೇರಿದ್ದೆ. ಅಲ್ಲಿ ಇನಾಮದಾರ ಮೇಡಂ ಪಿಎಚ್‌.ಡಿ. ಮಾಡುತ್ತಿದ್ದರು. ಧಾರವಾಡದವರು, ವಯಸ್ಸು ನಲವತ್ತು ದಾಟಿತ್ತು. ಎರಡು ಮಕ್ಕಳನ್ನು ಬೆಳೆಸಿ, ಪಾಠ ಮಾಡುತ್ತ, ಉಳಿದ ಹೊತ್ತಿನಲ್ಲಿ ಸಂಶೋಧನೆ. ಎರಡು ಸಲ ಅವಧಿ ವಿಸ್ತರಿಸಿಕೊಂಡಿದ್ದರು, ಮೂರನೆಯ ಸಲ ಸಿಗುವಂತಿರಲಿಲ್ಲ.

ಅವರ ಪ್ರಯೋಗವನ್ನು ಮೊದಲ ದಿನವೇ ನನಗೆ ಬಿಡಿಸಿ ಹೇಳಿದ್ದರು.

"ನೋಡವಾ ಗಿರಿಜಾ, ರಕ್ತನಾಳ ಅಂದ್ರ ಬರೇ ರಬ್ಬರ್ ನಳಿಗಿ ಅಲ್ಲ. ಅದರ ಗ್ವಾಡ್ಯಾಗ ಸ್ನಾಯು ಐತಿ. ಆ ಸ್ನಾಯು ಬಿಗೀತದ, ಸಡಿಲಾಗ್ತದ. ಒಂದೊಂದು ಸ್ನಾಯುಕೋಶದ ಒಳಗೂ ಒಂಚೂರು ಕರೆಂಟ್ ಇರ್ತದ. ನಿನ್ನ ಕೆಲಸ ಅದನ್ನ ಅಳೆಯೋದು."

ಟಾರ್ಚಿನ ಒಂದು ಸೆಲ್ಲನ್ನು ಮೂವತ್ತು ಪಾಲು ಮಾಡಿದರೆ ಬರುವ ಒಂದು ಪಾಲಿನಷ್ಟು ವೋಲ್ಟೇಜು. ಅದನ್ನು ಅಳೆಯಲು ಗಾಜಿನ ಕೊಳವೆಯನ್ನು ಕಾಯಿಸಿ, ಎಳೆದು, ತುದಿ ಕಣ್ಣಿಗೇ ಕಾಣದಷ್ಟು ಚೂಪು ಮಾಡಿ, ಉಪ್ಪಿನ ದ್ರಾವಣ ತುಂಬಿ ಕೋಶದೊಳಗೆ ಚುಚ್ಚಬೇಕು. ಚುಚ್ಚಿದ ಕೂಡಲೇ ಪರದೆಯ ಮೇಲಿನ ಹಸಿರು ಗೆರೆ ಕೆಳಕ್ಕೆ ಬಿದ್ದು ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಆಮೇಲೆ ನಾಳದ ಮೇಲೆ ಅಸಿಟೈಲ್‌ಕೋಲಿನ್ ಎಂಬ ಔಷಧವನ್ನು ಹರಿಸಬೇಕು. ಆಗ ಗೆರೆ ಇನ್ನೂ ಕೆಳಗಿಳಿಯಬೇಕು. ಅಂದರೆ ಸ್ನಾಯು ಶಾಂತವಾಯಿತು, ಸಡಿಲವಾಯಿತು ಎಂದರ್ಥ. ವಿಚಿತ್ರವೆಂದರೆ ಆ ಔಷಧ ನೇರವಾಗಿ ಸ್ನಾಯುವಿಗೆ ಹಾಗೆ ಹೇಳುವುದಿಲ್ಲ. ರಕ್ತ ತಾಗುವ ಒಳಮೈಗೆ ಒಂದೇ ಒಂದು ಕೋಶದ ದಪ್ಪದ ಪದರೊಂದು ಹಾಸಿಕೊಂಡಿರುತ್ತದೆ. ಔಷಧ ತಲುಪುವುದು ಆ ಪದರಿಗೆ. ಅದರಿಂದ ಏನೋ ಒಂದು ಸ್ನಾಯುವಿಗೆ ದಾಟಿ, ಅದರ ಕರೆಂಟನ್ನು ಬದಲಿಸುತ್ತದೆ.

"ಏನು ದಾಟ್ತದ ಮೇಡಂ?" ಎಂದು ಕೇಳಿದ್ದೆ.

"ಅದು ಗೊತ್ತಿದ್ರ ನಾ ಇಲ್ಲಿ ಯಾಕ ಕೂಡ್ತಿದ್ದೆ?" ಎಂದು ನಕ್ಕಿದ್ದರು. "ದಾಟ್ತದ ಅನ್ನೋದನ್ನ ತೋರಿಸಿದ್ರ ಸಾಕಾಗ್ತದ ನನಗ."

ಹಿಂದಿನ ವರ್ಷ ಅವರ ದಾಖಲೆಗಳಲ್ಲಿ ಗೆರೆ ಚೆನ್ನಾಗಿ ಇಳಿದಿತ್ತು. ಆ ಕಾಗದದ ಸುರುಳಿಗಳನ್ನು ನಾನೂ ಕಂಡಿದ್ದೆ. ಇನ್ನಷ್ಟು ಬಾರಿ ಮಾಡಿ ಖಚಿತಪಡಿಸಿಕೊಳ್ಳುವುದಷ್ಟೇ ಉಳಿದಿತ್ತು.

ನಾಳ ತರುವುದು, ಕೊಯ್ಯುವುದು ವಾಮನಣ್ಣನ ಕೆಲಸ. ಹದಿನೆಂಟು ವರ್ಷಗಳಿಂದ ಆ ವಿಭಾಗದ ಅಟೆಂಡರ್, ಕುಂದಾಪುರದ ಕಡೆಯವರು, ಕಲ್ಯಾಣದ ಒಂದು ಚಾಳಿನ ಒಂಟಿ ಕೋಣೆಯಲ್ಲಿ ಒಬ್ಬರೇ ಇದ್ದರು. ಬೆಳಿಗ್ಗೆ ಆರಕ್ಕೆ ಮಾರ್ಕೆಟ್ಟಿನ ಕರೀಂ ಭಾಯಿಯ ಅಂಗಡಿಯಲ್ಲಿ ಆಡಿನ ಕರುಳಿಗೆ ಅಂಟಿದ ಕೊಬ್ಬಿನ ಹಾಳೆಯನ್ನು ತೆಗೆಸಿಕೊಂಡು, ತಣ್ಣಗಿನ ದ್ರಾವಣದ ಥರ್ಮಾಸಿನಲ್ಲಿ ಇಟ್ಟು, ಸುತ್ತ ಐಸ್ ತುಂಬಿದ ಗೋಣಿಚೀಲ ಹಿಡಿದು ಲೋಕಲ್ ಹತ್ತುತ್ತಿದ್ದರು. ನಾನು ಡೊಂಬಿವಲಿಯಲ್ಲಿ ಅದೇ ಗಾಡಿಯ ಲೇಡೀಸ್ ಡಬ್ಬಿಗೆ ಹತ್ತುತ್ತಿದ್ದೆ. ಠಾಣೆಯ ಸೇತುವೆ ಮೇಲೆ ಇಬ್ಬರೂ ಸೇರಿ ಮಳೆಯಲ್ಲಿ ನಡೆದು ಹೋಗುತ್ತಿದ್ದೆವು. ಆ ಕೊಬ್ಬಿನೊಳಗೆ ದಾರದಷ್ಟು ಸಣ್ಣ ನಾಳ ಹುದುಗಿರುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಕೊಬ್ಬನ್ನು ಎಳೆಎಳೆಯಾಗಿ ಬಿಡಿಸಿ, ನಾಳ ಮಾತ್ರ ಉಳಿಸಿ, ಸಣ್ಣ ಉಂಗುರಗಳಾಗಿ ಕತ್ತರಿಸಬೇಕು. ಆ ಕೈಚಳಕ ಬೇರೆ ಯಾರಿಗೂ ಇರಲಿಲ್ಲ. ಬೇರೆ ಕಾಲೇಜಿನವರು ಬಂದು ನೋಡಿಹೋಗುತ್ತಿದ್ದರು.

ಕೆಲಸಕ್ಕೆ ಸೇರಿದ ಎರಡನೆಯ ವಾರ ವಾಮನಣ್ಣ ನನ್ನ ಮೇಜಿನ ಬಳಿ ಬಂದಿದ್ದರು.

"ಒಂದು ಸಪೂರ ತಂತಿ ಉಂಟಾ ನಿನ್ನ ಹತ್ರ? ಕೂದಲಿನಷ್ಟು ಸಪೂರ. ಸ್ಟೀಲಿಂದಾದ್ರೆ ಒಳ್ಳೇದು."

ಡ್ರಾಯರಿನಲ್ಲಿದ್ದ ಸುರುಳಿಯಿಂದ ಒಂದು ಗೇಣು ಕತ್ತರಿಸಿ ಕೊಟ್ಟೆ. ಏತಕ್ಕೆ ಎಂದು ಕೇಳಲಿಲ್ಲ.

ಜೂನ್ ಪೂರ್ತಿ ನನ್ನ ಜಗಳ ಸದ್ದಿನ ಜೊತೆಗಿತ್ತು. ಟ್ಯೂಬ್‌ಲೈಟ್ ಹಚ್ಚಿದರೆ ಪರದೆಯ ಗೆರೆ ಗುಂಯ್ ಎಂದು ದಪ್ಪವಾಗುತ್ತಿತ್ತು. ರೈಲು ಹಾದರೆ ಮೇಜು ನಡುಗಿ ಗಾಜಿನ ಮೊನೆ ಕೋಶದಿಂದ ಹೊರಬೀಳುತ್ತಿತ್ತು. ನಾಲ್ಕು ಸ್ಕೂಟರ್ ಟ್ಯೂಬುಗಳಿಗೆ ಗಾಳಿ ತುಂಬಿಸಿ, ಮೇಲೆ ಕಡಪ ಕಲ್ಲಿನ ಚಪ್ಪಡಿ ಇಟ್ಟೆವು. ಕೋಳಿಗೂಡಿಗೆ ಬಳಸುವ ಜಾಲರಿ ತಂದು ಸುತ್ತ ಪಂಜರ ಕಟ್ಟಿ, ಅದಕ್ಕೆ ಅರ್ಥಿಂಗ್ ಕೊಟ್ಟೆ. ಜೂನ್ ಕೊನೆಗೆ ಗೆರೆ ಕೂದಲಿನಂತೆ ತೆಳುವಾಗಿ, ನಿಶ್ಚಲವಾಗಿ ನಿಂತಿತು. ಮೇಡಂ ನನ್ನ ಬೆನ್ನು ತಟ್ಟಿದರು.

ಆಮೇಲೆ ಔಷಧ ಹರಿಸಿದರು. ಗೆರೆ ಇಳಿಯಲಿಲ್ಲ.

ಮರುದಿನವೂ ಇಳಿಯಲಿಲ್ಲ. ಜುಲೈ ಪೂರ್ತಿ ಇಳಿಯಲಿಲ್ಲ. ಕೋಶ ಜೀವಂತವಾಗಿತ್ತು, ಒಳಗಿನ ವೋಲ್ಟೇಜು ಸರಿಯಾಗಿತ್ತು, ಬಿಗಿಗೊಳಿಸುವ ಔಷಧ ಕೊಟ್ಟರೆ ನಾಳ ಬಿಗಿಯುತ್ತಿತ್ತು. ಸಡಿಲಗೊಳಿಸುವ ಮಾತಿಗೆ ಮಾತ್ರ ಅದು ಕಿವುಡಾಗಿತ್ತು. ಮೇಡಂ ಹೊಸ ಔಷಧದ ಬಾಟಲಿ ತರಿಸಿದರು. ದ್ರಾವಣ ಬದಲಿಸಿದರು. ವಾಮನಣ್ಣನನ್ನೂ ಕೇಳಿದರು.

"ವಾಮನಣ್ಣ, ಒಳಗಡೆ ಏನರೆ ತಾಗಾಕತ್ತೇದೇನು? ಒಳಪದರು ಭಾಳ ನಾಜೂಕು ಅದ."

"ಇಲ್ಲ ಮೇಡಂ. ಹದಿನೆಂಟು ವರ್ಷ ಆಯ್ತು, ನನ್ನ ಕೈ ನಿಮಗೆ ಗೊತ್ತಿಲ್ವಾ?"

ಮೇಡಂ ತಾವೇ ನಾಚಿಕೊಂಡಂತೆ ಬಾಟಲಿಗಳ ಕಡೆ ತಿರುಗಿದರು. ಆಮೇಲೂ ಎರಡು ಸಲ ಕೇಳಿದರು, ಅದೇ ಉತ್ತರ ಬಂತು.

ಅವರ ಗೈಡ್ ವಾಶಿಯಿಂದ ಸಮುದ್ರದ ಖಾಡಿಯ ಮೇಲಿನ ಸೇತುವೆ ದಾಟಿ ವಾರಕ್ಕೊಮ್ಮೆ ಬರುತ್ತಿದ್ದ ಹಿರಿಯ ಪ್ರೊಫೆಸರ್. ಮರಾಠಿಯವರು, ಕೆಟ್ಟವರಲ್ಲ, ಆದರೆ ಲೆಕ್ಕದ ಮನುಷ್ಯ. ಜುಲೈ ಕೊನೆಗೆ ಎರಡೂ ವರ್ಷದ ಸುರುಳಿಗಳನ್ನು ಅಕ್ಕಪಕ್ಕ ಹರಡಿ ನೋಡಿ, ಕನ್ನಡಕ ತೆಗೆದು ಹೇಳಿದರು:

"ದೇಖಿಯೇ ಮ್ಯಾಡಮ್, ಸೀದಾ ಬಾತ್ ಹೈ. ಯಾ ತೋ ಮಶೀನ್ ಪಿಛಲೇ ಸಾಲ್ ಝೂಟ್ ಬೋಲ್ ರಹೀ ಥೀ, ಯಾ ಅಭೀ ಬೋಲ್ ರಹೀ ಹೈ."

ಮಶೀನು ಸುಳ್ಳು ಹೇಳಿದ್ದು ಕಳೆದ ವರ್ಷ, ಇಲ್ಲವೇ ಈಗ. ಅದರ ಅರ್ಥ ವಾಮನಣ್ಣನೂ ಸೇರಿ ಮೂವರಿಗೂ ತಿಳಿಯಿತು. ಈಗ ಮಶೀನು ಸರಿಯಿದ್ದರೆ ಮೇಡಂ ಅವರ ಹಿಂದಿನ ವರ್ಷದ ಕೆಲಸವೆಲ್ಲ ಸುಳ್ಳು. ಆ ಕೆಲಸ ನಿಜವಾದರೆ ನಾನು ಮಶೀನು ಕೆಡಿಸಿದ್ದೇನೆ. ಅಂದಿನಿಂದ ಮೇಡಂ ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡುವುದು ಕಡಿಮೆಯಾಯಿತು. ನಾನು ದಿನವೂ ತಂತಿಗಳನ್ನು ಬಿಚ್ಚಿ, ಒರೆಸಿ, ಮತ್ತೆ ಬೆಸುಗೆ ಹಾಕುತ್ತಿದ್ದೆ. ಯಾವ ದೋಷವೂ ಸಿಗುತ್ತಿರಲಿಲ್ಲ. ದೋಷ ಸಿಗದಿದ್ದರೆ ನನಗೆ ನೆಮ್ಮದಿಯಾಗಬೇಕಿತ್ತು. ಆದರೆ ಮಶೀನು ಸರಿಯಿದೆ ಎಂದು ನಾನು ಹೇಳಿದಾಗಲೆಲ್ಲ ಮೇಡಂ ಮುಖ ಸಣ್ಣದಾಗುತ್ತಿತ್ತು.

ಆಗಸ್ಟಿನಲ್ಲಿ ವಾಮನಣ್ಣನಿಗೆ ಜ್ವರ ಬಂತು. ಎರಡು ದಿನ ಬರುವುದಿಲ್ಲ ಎಂದು ಚಾಳಿನ ಪಕ್ಕದವರಿಂದ ಫೋನ್ ಮಾಡಿಸಿದರು. ದಿನಗಳು ಉಳಿದಿರಲಿಲ್ಲ. "ನಾನೇ ಹೋಗಿ ತರ್ತೀನಿ ಮೇಡಂ" ಎಂದೆ. ಮನೆಯಲ್ಲಿ ಅವ್ವ ಗಲ್ಲದ ಮೇಲೆ ಕೈಯಿಟ್ಟುಕೊಂಡಳು. "ನಿನ್ನ ಡಿಪ್ಲೊಮಾ ಮಾಡಿಸಿದ್ದು ಇದಕ್ಕೇನ? ಬಂದ ಕೂಡ್ಲೆ ನೆತ್ತಿ ಮ್ಯಾಲೆ ನೀರು ಹಾಕ್ಕೊಳ್ಳದ ಒಲಿ ಕಡೆ ಹಾಯಬ್ಯಾಡ" ಎಂದಳು. ಆದರೂ ಬೆಳಿಗ್ಗೆ ಐದಕ್ಕೆ ಎದ್ದು ಚಹಾ ಮಾಡಿಕೊಟ್ಟವಳು ಅವಳೇ.

ಕರೀಂ ಭಾಯಿ ಅಂಗಡಿಯಲ್ಲಿ ನಾನು ಕಣ್ಣನ್ನು ಎಲ್ಲಿಡಬೇಕೆಂದು ತಿಳಿಯದೆ ತಕ್ಕಡಿಯನ್ನೇ ನೋಡುತ್ತ ನಿಂತಿದ್ದೆ. ಅವನು ಬೇಕಾದ ಹಾಳೆಯನ್ನು ಜಾಣತನದಿಂದ ಬಿಡಿಸಿ ಥರ್ಮಾಸಿಗೆ ಹಾಕಿದ. ಆಮೇಲೆ ದನಿ ತಗ್ಗಿಸಿದ.

"ವಾಮನ್ ದಾದಾ ಕೋ ಬೋಲನಾ, ಆಂಖ್ ದಿಖಾವೋ. ಹಾಥ್ ಪಕಡ್ ಕೇ ದೇತಾ ಹೂಂ ಮೈಂ ಮಾಲ್. ಸಾಮನೇ ರಖೂಂ ತೋ ದಿಖತಾ ನಹೀ ಉನಕೋ."

ಎದುರಿಗಿಟ್ಟರೂ ಅವರಿಗೆ ಕಾಣದು, ಕೈ ಹಿಡಿದೇ ಕೊಡುತ್ತೇನೆ, ಕಣ್ಣು ತೋರಿಸಿಕೊಳ್ಳಲಿ ಎಂಬ ಅವನ ಮಾತನ್ನು ಅರಗಿಸಿಕೊಳ್ಳುತ್ತ ಗಾಡಿಯಲ್ಲಿ ಕುಳಿತೆ. ಸಂಜೆ ಠಾಣೆಯ ಸೇತುವೆ ಮೇಲೆ ಗಾಡಿಗಳ ಬೋರ್ಡಿನ ಎದುರೇ ನಿಂತು ವಾಮನಣ್ಣ "ಇದು ಫಾಸ್ಟಾ, ಸ್ಲೋನಾ?" ಎಂದು ಎಷ್ಟೋ ಸಲ ಕೇಳಿದ್ದರು. ಕನ್ನಡಕಕ್ಕೆ ಮಳೆ ಬಿದ್ದಿದೆ ಎಂದು ನಾನು ಅಂದುಕೊಂಡಿದ್ದೆ.

ಆ ದಿನ ನಾಳ ಕೊಯ್ದವರು ಮೇಡಂ. ಅವರ ಕೈ ನಿಧಾನ, ಅಭ್ಯಾಸವಿಲ್ಲದ್ದು. ಮೂರು ತುಂಡು ಹಾಳಾಗಿ ನಾಲ್ಕನೆಯದು ಉಳಿಯಿತು. ಮಧ್ಯಾಹ್ನ ಮೂರರ ಹೊತ್ತಿಗೆ ಮೊನೆ ಒಳಗೆ ಹೋಯಿತು. ಔಷಧ ಹರಿಯಿತು. ಹಸಿರು ಗೆರೆ ಕ್ಷಣ ಹೊತ್ತು ಕಾದು, ಮೆಲ್ಲನೆ ಜಾರಿ, ಪರದೆಯ ಕೆಳಗಿನ ಚೌಕದಲ್ಲಿ ಹೋಗಿ ಕುಳಿತಿತು. ಎರಡನೆಯ ಸಲ ನೋಡುವಷ್ಟರಲ್ಲಿ ಗಾಜಿನ ಮೊನೆ ಮುರಿಯಿತು.

"ಇಳೀತಲ್ಲ?" ಎಂದರು ನನ್ನ ತೋಳು ಹಿಡಿದು. "ನೀನೂ ನೋಡಿದಿ ಹೌದಲ್ಲೋ?"

"ನೋಡಿದೆ ಮೇಡಂ."

ಮರುದಿನ ಮೇಡಂ ಕೊಯ್ದದ್ದರಲ್ಲಿ ಒಂದು ತುಂಡೂ ಉಳಿಯಲಿಲ್ಲ. ವಿಷಯ ಕೇಳಿ ಪ್ರೊಫೆಸರ್ ಅಡ್ಡಡ್ಡ ತಲೆಯಾಡಿಸಿದರು. ಒಂದು ಸಲದ್ದು ಲೆಕ್ಕಕ್ಕಿಲ್ಲ.

ವಾಮನಣ್ಣನ ಕೈಯ ಮೇಲೆ ಮೇಡಂಗೆ ಇನ್ನೂ ಅನುಮಾನವಿರಲಿಲ್ಲ. ಆದರೆ ಕರೀಂ ಭಾಯಿಯ ಮಾತು ಕೇಳಿದ್ದ ನನ್ನ ಮನಸ್ಸಿನಲ್ಲಿ ಲೆಕ್ಕ ಕೂಡಿಬಂದಿತ್ತು. ಮೂರನೆಯ ದಿನ ವಾಮನಣ್ಣ ಕೆಲಸಕ್ಕೆ ಬಂದಾಗ ಕಪಾಟಿನ ಪಕ್ಕ ನಿಂತು ಅವರನ್ನು ನೋಡಿದೆ. ಅವರು ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದರು. ಮುಖ ಮಾತ್ರ ಕಿಟಕಿಯ ಕಡೆಗಿತ್ತು. ಬೆರಳುಗಳಷ್ಟೇ ಕೆಲಸ ಮಾಡುತ್ತಿದ್ದವು. ಜೇಬಿನಿಂದ ನಾನು ಕೊಟ್ಟ ತಂತಿಯನ್ನು ತೆಗೆದು ನಾಳದ ಬಾಯಿಗೆ ಹೊಂದಿಸಿ ಒಳಗೆ ತೂರಿಸಿದರು. ಕೊಬ್ಬಿನ ನಡುವೆ ನಾಳ ಎಲ್ಲಿದೆ ಎಂದು ಕಣ್ಣು ಹೇಳದಿದ್ದಾಗ ಆ ತಂತಿ ಬೆರಳಿಗೆ ಹೇಳುತ್ತಿತ್ತು. ತಂತಿಯ ಗುಂಟ ಕೊಬ್ಬು ಸುಲಿದು, ಕೊನೆಗೆ ತಂತಿಯನ್ನು ಎಳೆದುಕೊಂಡರು. ಹೊರಗಿನಿಂದ ನೋಡಿದರೆ ಯಾವ ಕಣ್ಣಿದ್ದವರೂ ಅಷ್ಟು ಚೊಕ್ಕಟವಾಗಿ ಬಿಡಿಸಲಾರರು. ಒಳಗೆ ಮಾತ್ರ ಆ ಒಂದು ಕೋಶದ ಪದರು ಪೂರ್ತಿ ಕೆರೆದುಹೋಗಿತ್ತು.

ಸಂಜೆ ಸ್ಟೇಷನ್ನಿನ ದಾರಿಯಲ್ಲಿ ಕೊಡೆ ಹಿಡಿದು ನಡೆಯುವಾಗ ಹೇಳಿಯೇಬಿಟ್ಟೆ.

"ವಾಮನಣ್ಣ, ನಿಮ್ಮ ಕಣ್ಣು..."

ಅವರು ನಿಂತರು. "ಯಾರು ಹೇಳಿದ್ದು? ಆ ಕರೀಮನಾ?"

"ನಾ ನೋಡಿದೆ. ತಂತಿನೂ ನೋಡಿದೆ."

"ಎಂತ ನೋಡಿದ್ದು ನೀನು? ಮೂರು ತಿಂಗಳಾಯ್ತು ನೀನು ಬಂದು. ನನಗೆ ಪಾಠ ಹೇಳ್ಲಿಕ್ಕೆ ಬರ್ತೀಯಾ?" ದನಿ ಏರಿತು. ಪಕ್ಕದಲ್ಲಿ ಹೋಗುವವರು ತಿರುಗಿ ನೋಡಿದರು. ಸ್ವಲ್ಪ ದೂರ ನಡೆದ ಮೇಲೆ ಅವರೇ ಮೆಲ್ಲಗೆ ಮಾತಾಡಿದರು.

"ಪೊರೆ ಅಂತೆ. ಎರಡೂ ಕಣ್ಣಿಗೆ. ಕೊಯ್ಯಬೇಕು ಅಂತಾರೆ. ನನ್ನ ಅಣ್ಣ ಊರಲ್ಲಿ ಕೊಯ್ಸಿಕೊಂಡು ಇದ್ದ ಬೆಳಕೂ ಹೋಯ್ತು ಮಾರಾಯ್ತಿ. ನನಗೆ ಈ ಕೈಯೊಂದು ಬಿಟ್ರೆ ಎಂತ ಉಂಟು? ಕಣ್ಣು ಕಾಣದವನನ್ನು ಲ್ಯಾಬಲ್ಲಿ ಯಾರು ಇಟ್ಟುಕೊಳ್ತಾರೆ?"

"ಮೇಡಂ ಅವರ ಥೀಸಿಸ್ ಹೋಗ್ತದ, ವಾಮನಣ್ಣ."

"ಗೊತ್ತುಂಟು." ಕೊಡೆ ಮಡಚಿ ಸ್ಟೇಷನ್ನಿನ ಮೆಟ್ಟಿಲು ಹತ್ತುತ್ತ, "ನೀನು ಹೇಳ್ಬೇಡ. ಹೇಳುದಾದ್ರೆ ನಾನೇ ಹೇಳ್ತೇನೆ" ಎಂದರು.

ನಾನು ಒಪ್ಪಿದೆ. ಮರುದಿನ ಅವರು ಹೇಳಲಿಲ್ಲ. ಅದರ ಮರುದಿನವೂ ಇಲ್ಲ. ಪ್ರತಿದಿನವೂ ಆ ತಂತಿ ಹಾಕಿದ ನಾಳವನ್ನೇ ಕೊಡುತ್ತಿದ್ದರು, ಮೇಡಂ ಅದನ್ನೇ ಚುಚ್ಚುತ್ತಿದ್ದರು, ನಾನು ಗೊತ್ತಿದ್ದೂ ಗುಂಡಿ ತಿರುಗಿಸುತ್ತ ಕೂರುತ್ತಿದ್ದೆ. ಆ ಎಂಟು ದಿನಗಳಷ್ಟು ಭಾರವಾದ ದಿನಗಳು ನನ್ನ ನೌಕರಿಯಲ್ಲಿ ಆಮೇಲೆ ಬರಲಿಲ್ಲ.

ಎಂಟನೆಯ ದಿನ ಪ್ರೊಫೆಸರ್ ಬಂದರು. ಆ ಅಧ್ಯಾಯವನ್ನು ಕೈಬಿಡಿ ಎಂದು ಮೇಡಂಗೆ ಹೇಳಿದರು. ಮೇಡಂ ಮೊದಲ ಬಾರಿಗೆ ಎದುರಾಡಿದರು: ಕಳೆದ ವಾರ ಇಳಿದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ ಎಂದರು. ಹಾಗಾದರೆ ಮಶೀನಿನದೇ ತಪ್ಪು ಎಂದು ಪ್ರೊಫೆಸರ್ ನನ್ನ ಕಡೆ ತಿರುಗಿದರು. ತಿಂಗಳ ಕೊನೆಗೆ ನನ್ನನ್ನು ಬಿಡಿಸಿ, ಅನುಭವ ಇರುವ ಬೇರೆಯವರನ್ನು ನೋಡೋಣ ಎಂದರು. ಬಾಯಿತನಕ ಮಾತು ಬಂತು. ನುಂಗಿಕೊಂಡೆ. ಕಣ್ಣು ತುಂಬಿ ಪರದೆಯ ಗೆರೆ ಕಲಸಿಹೋಯಿತು.

ಆಗ ಹಿಂದಿನಿಂದ ಸ್ಟೂಲ್ ಸರಿದ ಸದ್ದಾಯಿತು. ವಾಮನಣ್ಣ ಮೇಜನ್ನು ತಡವುತ್ತ ಬಂದು ಜೇಬಿನ ತಂತಿಯನ್ನು ಪ್ರೊಫೆಸರರ ಮುಂದಿಟ್ಟರು.

"ಮಶೀನ್ ಬರಾಬರ್ ಹೈ, ಸಾಹೇಬ್. ಮೇರಾ ಆಂಖ್ ಬರಾಬರ್ ನಹೀ ಹೈ."

ಕೆಟ್ಟಿರುವುದು ಮಶೀನಲ್ಲ, ತಮ್ಮ ಕಣ್ಣು ಎಂದು ಎಲ್ಲವನ್ನೂ ಹೇಳಿದರು, ಎಲ್ಲಿಯೂ ತಮ್ಮನ್ನು ಕಾಪಾಡಿಕೊಳ್ಳಲಿಲ್ಲ. ಮೇಡಂ ಗೋಡೆಗೆ ಒರಗಿ ಕೇಳಿದರು.

"ನಾ ನಿಮಗ ಕೇಳಿದ್ದೆ ವಾಮನಣ್ಣ," ಎಂದರು ಕೊನೆಗೆ. "ಮೂರು ಸಲ ಕೇಳಿದ್ದೆ. ನಿಮ್ಮ ಮಾತಿನ ಮ್ಯಾಲೆ ವಿಶ್ವಾಸ ಇಟ್ಟು ನನ್ನ ಹಿಂದಿನ ಕೆಲಸಾನ ಸುಳ್ಳು ಅನ್ನೋ ಮಟ್ಟಕ್ಕ ಬಂದಿದ್ದೆ." ಆಮೇಲೆ ನನ್ನ ಕಡೆ ನೋಡಿದರು. "ನಿನಗ ಗೊತ್ತಿತ್ತೇನು?"

"ಎಂಟು ದಿನದಿಂದ."

"ಎಂಟು ದಿನ ಭಾಳ ಆತು ಗಿರಿಜಾ" ಎಂದು ಚೀಲ ತೆಗೆದುಕೊಂಡು ಹೊರಟುಹೋದರು.

ಮಾತು ಕೊಟ್ಟಿದ್ದೆ ಎಂಬ ನನ್ನ ಸಮಾಧಾನ ಆ ಒಂದು ವಾಕ್ಯದ ಮುಂದೆ ನಿಲ್ಲಲಿಲ್ಲ. ಈಗಲೂ ನಿಲ್ಲುವುದಿಲ್ಲ. ಬಾಯಿ ಬಿಟ್ಟಿದ್ದರೆ ವಾಮನಣ್ಣ ತಾವಾಗಿ ಎದ್ದು ನಿಲ್ಲುವ ಅವಕಾಶ ಇರುತ್ತಿರಲಿಲ್ಲ ಎಂಬುದೂ ನಿಜ. ಎರಡನ್ನೂ ಹೊತ್ತುಕೊಂಡೇ ಇದ್ದೇನೆ.

ಎರಡು ದಿನ ಮೇಡಂ ಬರಲಿಲ್ಲ. ಸೋಮವಾರ ಬಂದಾಗ ಕಣ್ಣ ಕೆಳಗೆ ಕಪ್ಪಾಗಿತ್ತು, ಆದರೆ ನಡಿಗೆ ಚುರುಕಾಗಿತ್ತು. ಸೀದಾ ವಾಮನಣ್ಣನ ಮೇಜಿಗೆ ಹೋದರು.

"ಇವತ್ತಿನ ನಾಳ ಎರಡು ತುಂಡು ಮಾಡೂಣು. ಒಂದಕ್ಕ ನೀವು ದಿನಾ ಹಾಕೋ ಹಂಗ ತಂತಿ ಹಾಕ್ರಿ. ಇನ್ನೊಂದು ನಾ ಬಿಡಿಸ್ತೀನಿ, ತಂತಿ ಇಲ್ಲದ."

ವಾಮನಣ್ಣ ತಡವರಿಸಿದರು. "ಅದು ತಪ್ಪಲ್ವಾ ಮೇಡಂ?"

"ಮುಚ್ಚಿಟ್ಟದ್ದು ತಪ್ಪು. ಇದು ಪ್ರಯೋಗ."

ಒಂದೇ ಆಡು, ಒಂದೇ ನಾಳ, ಒಂದೇ ಮಶೀನು. ತಂತಿ ಹಾಯದ ತುಂಡಿನಲ್ಲಿ ಗೆರೆ ಇಳಿಯಿತು. ತಂತಿ ಹಾದ ತುಂಡಿನಲ್ಲಿ ಅಲುಗಲಿಲ್ಲ. ಹತ್ತು ದಿನ ಹಾಗೆಯೇ ಮಾಡಿದೆವು, ಹತ್ತು ದಿನವೂ ಹಾಗೆಯೇ ಬಂತು. ವ್ಯರ್ಥವಾಯಿತು ಎಂದುಕೊಂಡಿದ್ದ ಜುಲೈಯ ಸುರುಳಿಗಳೆಲ್ಲ ಈಗ ಒಳಪದರು ಇಲ್ಲದ ನಾಳದ ದಾಖಲೆಗಳಾಗಿ ಬೇರೆ ಅರ್ಥ ಪಡೆದವು. ಸ್ನಾಯುವಿನ ವಿದ್ಯುತ್ತನ್ನು ಬದಲಿಸುವುದು ಆ ಪದರೇ ಎಂದು ಹೇಳಲು ಪದರು ಇದ್ದಾಗಿನ ಗೆರೆಯೊಂದೇ ಸಾಕಾಗದು, ಅದು ಹೋದಾಗಿನ ಗೆರೆಯೂ ಬೇಕು.

ಅಕ್ಟೋಬರಿನ ಬಿಸಿಲು ಬಿದ್ದ ಮೇಲೆ ಮೇಡಂ ಎರಡೂ ತುಂಡುಗಳನ್ನು ಸೀಳಿ ಹರಡಿ, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ ಕಿಟಕಿಯಲ್ಲಿಟ್ಟರು. ಬಿಸಿಲಿಗೆ ಕೋಶಗಳ ಅಂಚು ಕಂದಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಒಂದು ತುಂಡಿನ ಮೇಲೆ ಉದ್ದುದ್ದನೆಯ ಕೋಶಗಳು, ಸುತ್ತ ಸಪೂರ ಗೆರೆ, ಒಂದಕ್ಕೊಂದು ಒತ್ತಿ ಜೋಡಿಸಿದಂತಿದ್ದವು. ಇನ್ನೊಂದು ಬೋಳು. ಪ್ರೊಫೆಸರ್ ಬಹಳ ಹೊತ್ತು ನೋಡಿ, ಎದ್ದು, ಮೇಡಂಗೆ ಕೈಮುಗಿದರು. ನನ್ನ ಕಡೆಗೆ ತಿರುಗಿ, "ಬೇಟಾ, ತೂ ರುಕ್" ಎಂದರು. ನಾನು ಉಳಿದೆ.

ಡಿಸೆಂಬರಿನಲ್ಲಿ ವಾಮನಣ್ಣನ ಒಂದು ಕಣ್ಣಿನ ಪೊರೆ ತೆಗೆಸಿದೆವು. ಆಪರೇಷನ್ ಥಿಯೇಟರಿನ ಬಾಗಿಲವರೆಗೆ ಮೇಡಂ ಅವರ ಕೈ ಹಿಡಿದುಕೊಂಡೇ ಹೋದರು. ಫೆಬ್ರವರಿಯಲ್ಲಿ ಬಾಟಲಿಯ ತಳದಂಥ ದಪ್ಪ ಕನ್ನಡಕ ಹಾಕಿಕೊಂಡು ಅವರು ಮತ್ತೆ ಲ್ಯಾಬಿಗೆ ಬಂದರು. ಅಷ್ಟರಲ್ಲಿ ಥೀಸಿಸ್ ಟೈಪಿಂಗಿಗೆ ಹೋಗಿತ್ತು. ಕೊಯ್ಯುವ ಅಗತ್ಯ ಯಾರಿಗೂ ಇರಲಿಲ್ಲ. ಆದರೂ ಅವರು ಥರ್ಮಾಸ್ ತಂದಿದ್ದರು.

ಕನ್ನಡಕ ತೆಗೆದಿಟ್ಟು ಕಣ್ಣನ್ನು ಸೂಕ್ಷ್ಮದರ್ಶಕಕ್ಕೆ ಒತ್ತಿ ಕುಳಿತರು. ಮುಂಚೆ ಅರ್ಧ ತಾಸಿನ ಕೆಲಸ. ಅಂದು ಊಟದ ಹೊತ್ತು ಮೀರಿತು. ಮೇಡಂ ಆ ತುಂಡನ್ನು ಕೇಳಿ ಪಡೆದು, ಸೀಳಿ, ಬೆಳ್ಳಿಯ ನೀರಿನಲ್ಲಿ ಅದ್ದಿ ಬಿಸಿಲಿಗಿಟ್ಟರು. ಬಣ್ಣ ಏರಿದ ಮೇಲೆ ತಾವು ನೋಡಿ, ಎದ್ದು ಜಾಗ ಬಿಟ್ಟರು.

ವಾಮನಣ್ಣ ಬಗ್ಗಿ ನೋಡಿದರು. ಅವರು ಆ ಪದರನ್ನು ತಮ್ಮ ಕಣ್ಣಿನಿಂದ ನೋಡಿದ್ದು ಅದೇ ಮೊದಲು.

"ಇದು ಯಾರು ಕೊಯ್ದದ್ದು ಮೇಡಂ? ನೀವಾ?"

"ನೀವು. ಮುಂಜಾನೆ ಕೊಯ್ದದ್ದು."

ಅವರು ತಲೆ ಎತ್ತಲಿಲ್ಲ. "ಎಷ್ಟು ಹೋಗಿದೆ ಇದರಲ್ಲಿ?"

"ಒಂದೂ ಹೋಗಿಲ್ಲ ವಾಮನಣ್ಣ."

ಅವರು ಬೆರಳಿನಿಂದ ಗಾಜನ್ನು ಒಂದಿಷ್ಟು ಸರಿಸಿದರು, ಮತ್ತೊಂದಿಷ್ಟು ಸರಿಸಿದರು, ತುಂಡಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೂ ಒಂದೊಂದಾಗಿ ನೋಡುತ್ತ ಹೋದರು. ನಾವಿಬ್ಬರೂ ಅವರ ಬೆನ್ನ ಹಿಂದೆ ನಿಂತೇ ಇದ್ದೆವು.